ಮಗ ಫೀಲ್ಡ್‌ಗೆ ಹೋದಾಗ ಮನೆಯವರು ಮಾಡಿಕೊಳ್ಳಬೇಕಾದ ತಯಾರಿ

"ಅವ್ವಾ, ನಾಳೆಯಿಂದ ಫೋನ್ ಹತ್ತೋದಿಲ್ಲ. ಗಾಬರಿ ಆಗಬ್ಯಾಡ."

2021ರ ಅಕ್ಟೋಬರ್ ತಿಂಗಳ ಒಂದು ರಾತ್ರಿ ಮಗ ಇಷ್ಟು ಹೇಳಿ ಫೋನ್ ಇಟ್ಟ. ಆಮೇಲೆ ಹದಿನೇಳು ದಿನ ಅವನ ದನಿ ಕೇಳಲಿಲ್ಲ. ಅವನು 2018ರಲ್ಲಿ ಸೈನ್ಯ ಸೇರಿದವನು, ಬೆಳಗಾವಿಯಲ್ಲಿ ಟ್ರೈನಿಂಗ್ ಮುಗಿಸಿದವನು. ಮೊದಲ ಪೋಸ್ಟಿಂಗ್ ಪೀಸ್ ಸ್ಟೇಷನ್‌ನಲ್ಲಿ, ಅಂದರೆ ಗಡಿಯ ಗಲಾಟೆ ಇಲ್ಲದ ಜಾಗದಲ್ಲಿತ್ತು. ದಿನಾ ಸಂಜೆ ವಿಡಿಯೊ ಕಾಲ್ ಬರುತ್ತಿತ್ತು. ಸೈನ್ಯ ಅಂದರೆ ಇಷ್ಟೇ ಅಂದುಕೊಂಡಿದ್ದೆವು. ಫೀಲ್ಡ್ ಅಂದರೆ, ಗಡಿಯ ಕಡೆಯ ಪೋಸ್ಟಿಂಗ್ ಅಂದರೆ, ಏನು ಅಂತ ಆ ಹದಿನೇಳು ದಿನದಲ್ಲಿ ಗೊತ್ತಾಯಿತು.

ನಮ್ಮದು ಧಾರವಾಡ ಜಿಲ್ಲೆಯ ಹಳ್ಳಿ. ಇಲ್ಲಿ ಓಣಿಗೊಬ್ಬ ಫೌಜಿ ಇದ್ದಾನೆ. ಹೀಗಿದ್ದರೂ ಮಗ ಫೀಲ್ಡ್‌ಗೆ ಹೋದರೆ ಮನೆಯಲ್ಲಿ ಏನೇನು ಮಾಡಿಕೊಳ್ಳಬೇಕು ಅಂತ ನನಗೆ ಯಾರೂ ಕೂರಿಸಿ ಹೇಳಿರಲಿಲ್ಲ. "ಧೈರ್ಯವಾಗಿರು" ಅಂತ ಎಲ್ಲರೂ ಹೇಳಿದರು. ಫೋನ್ ಬರದ ದಿನಗಳು ಬಂದೇ ಬರುತ್ತವೆ. ಅವು ಬರುವ ಮುಂಚೆ ಮಾಡಿಡಬಹುದಾದ ಕೆಲಸಗಳಿವೆ. ಅವನ್ನು ಮಾಡಿದ್ದರೆ ಧೈರ್ಯ ಅರ್ಧ ತಾನಾಗಿ ಬರುತ್ತದೆ. ಈ ವರ್ಷ ಮೊದಲ ಸಲ ಮಗನನ್ನೋ ಮಗಳನ್ನೋ ಗಡಿಗೆ ಕಳಿಸುತ್ತಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವನ ಪಲ್ಟನ್ ಯಾವುದು ಅಂತ ಎಲ್ಲೂ ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅವನು ರಜೆಯಲ್ಲಿ ಇರುವಾಗಲೇ ಕಾಗದ ಸರಿ ಮಾಡಿಕೊಳ್ಳಿ

ಇದು ಬೇಸರದ ಕೆಲಸ, ಆದರೂ ಮೊದಲು ಮಾಡಬೇಕಾದದ್ದು ಇದನ್ನೇ. ಅವನು ಹೊರಡುವ ಮುಂಚೆ ಒಂದು ಇಡೀ ದಿನ ಇದಕ್ಕೇ ಇಡಿ.

ಮೊದಲು ಹೆಸರು. ಭರ್ತಿ ಆಗುವಾಗ ಮಗ ಶಾಲೆಯ ದಾಖಲೆ ನೋಡಿ ಅಪ್ಪ ಅಮ್ಮನ ಹೆಸರು ಬರೆಸಿರುತ್ತಾನೆ. ನಿಮ್ಮ ಆಧಾರ್‌ನಲ್ಲಿ ಬೇರೆ ಇರುತ್ತದೆ. ನಮ್ಮ ಮನೆಯವರು ಶಾಲೆಯ ದಾಖಲೆಯಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ, ಪಹಣಿಯಲ್ಲಿ ಬಸವಣ್ಣೆಪ್ಪ. ಮೂರೂ ಒಬ್ಬರೇ ಅಂತ ಊರಿಗೆಲ್ಲ ಗೊತ್ತು, ಆದರೆ ಕಚೇರಿಗೆ ಗೊತ್ತಿಲ್ಲವಲ್ಲ. ಅವಲಂಬಿತರ ಕಾರ್ಡ್ ಮಾಡಿಸುವಾಗ ಈ ಒಂದು ವಿಷಯಕ್ಕೆ ನಾವು ಎಂಟು ತಿಂಗಳು ಅಲೆದೆವು. ಆದ್ದರಿಂದ ಮಗನ ಸೇವಾ ದಾಖಲೆಯಲ್ಲಿ ನಿಮ್ಮಿಬ್ಬರ ಹೆಸರು ಮತ್ತು ಹುಟ್ಟಿದ ತಾರೀಕು ಹೇಗಿದೆ ಅಂತ ಅವನಿಂದ ಬರೆಸಿಕೊಳ್ಳಿ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿ. ವ್ಯತ್ಯಾಸ ಇದ್ದರೆ ಅವನ ಯೂನಿಟ್‌ನ ಕ್ಲರ್ಕ್ ಹತ್ತಿರ ಏನು ಬೇಕು ಅಂತ ಕೇಳಿಸಿ. ಅಫಿಡವಿಟ್ ಬೇಕಾದರೆ ಅವನು ಊರಲ್ಲಿರುವಾಗಲೇ ಮಾಡಿಸಿ ಕೈಗೆ ಕೊಟ್ಟು ಕಳಿಸಿ. ಸೇವಾ ದಾಖಲೆಯಲ್ಲಿ ಏನೇ ಬದಲಾದರೂ ಅದು ಪಾರ್ಟ್ ಟೂ ಆರ್ಡರ್ ಮೂಲಕವೇ ದಾಖಲಾಗುತ್ತದೆ. ಆ ಆರ್ಡರ್ ಹೊರಟಿತಾ ಅಂತ ಮಗನೇ ನೋಡಿಕೊಳ್ಳಬೇಕು. ಈ ಪದ ನೆನಪಿಟ್ಟುಕೊಳ್ಳಿ, ಮುಂದೆ ಪದೇ ಪದೇ ಕೇಳುತ್ತೀರಿ.

ಎರಡನೆಯದು ನೆಕ್ಸ್ಟ್ ಆಫ್ ಕಿನ್ ಮತ್ತು ನಾಮಿನಿ. ಅವನಿಗೆ ಏನಾದರೂ ಆದರೆ ಮೊದಲು ಯಾರಿಗೆ ತಿಳಿಸಬೇಕು ಅನ್ನುವುದು ಒಂದು. ವಿಮೆ ಮತ್ತು ಬ್ಯಾಂಕಿನ ಹಣ ಯಾರಿಗೆ ಸೇರಬೇಕು ಅನ್ನುವುದು ಇನ್ನೊಂದು. ಮದುವೆ ಆಗದ ಹುಡುಗನಿಗೆ ಸಾಮಾನ್ಯವಾಗಿ ಅಪ್ಪ ಅಮ್ಮನ ಹೆಸರಿರುತ್ತದೆ. ಮದುವೆ ಆದ ಮೇಲೆ ನೆಕ್ಸ್ಟ್ ಆಫ್ ಕಿನ್ ಹೆಂಡತಿ ಆಗುತ್ತಾಳೆ, ಅದು ಸರಿ ಕೂಡ. ಈ ಮಾತನ್ನು ಬಾಯಿಗೆ ತರಲು ಯಾವ ತಾಯಿಗೂ ಆಗುವುದಿಲ್ಲ. ನನಗೂ ಆಗಲಿಲ್ಲ. ಕೊನೆಗೆ ಅವನೇ ರೊಟ್ಟಿ ತಿನ್ನುತ್ತಾ ಹಗುರವಾಗಿ ಎತ್ತಿದ. ಹತ್ತು ನಿಮಿಷದಲ್ಲಿ ಮುಗಿಯಿತು. ಸೊಸೆ ಇದ್ದರೆ ಅವಳನ್ನೂ ಕೂರಿಸಿಕೊಂಡು ಮಾತಾಡಿ, ಬೆನ್ನ ಹಿಂದೆ ಬೇಡ.

ಮಗ ಅಗ್ನಿವೀರ ಆಗಿದ್ದರೆ ಲೆಕ್ಕ ಬೇರೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದವನು ಅಗ್ನಿವೀರ, ಅವನ ಸೇವೆ 4 ವರ್ಷ. ಆಮೇಲೆ ಹೆಚ್ಚೆಂದರೆ ಶೇ. 25ರಷ್ಟು ಜನರನ್ನು ಕಾಯಂ ಸೇವೆಗೆ ತೆಗೆದುಕೊಳ್ಳುತ್ತಾರೆ. ಹುಡುಗ ಕಂತು ಕಟ್ಟದೆಯೇ 48 ಲಕ್ಷ ರೂಪಾಯಿಯ ಜೀವ ವಿಮೆ ಇರುತ್ತದೆ. ಅದರ ನಾಮಿನಿ ಯಾರು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಮೂರನೆಯದು ಹೊಲ. ಪಹಣಿ, ಬೆಳೆ ಸಾಲ, ಬೆಳೆ ವಿಮೆ ಯಾವುದರಲ್ಲಾದರೂ ಮಗನ ಹೆಸರಿದ್ದರೆ ಅವನ ಸಹಿಯೋ ಹೆಬ್ಬೆಟ್ಟೋ ಒಟಿಪಿಯೋ ಬೇಕಾಗುತ್ತದೆ. ಬೆಟ್ಟದ ಮೇಲೆ ಕೂತವನಿಗೆ ಒಟಿಪಿ ಎಲ್ಲಿಂದ ಬರಬೇಕು? ಅವನು ಊರಲ್ಲಿದ್ದಾಗ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅಪ್ಪನ ಹೆಸರಿಗೆ ಅಧಿಕಾರ ಪತ್ರ ಮಾಡಿಸಿ. ಯಾವ ಕೆಲಸಕ್ಕೆ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆಸಿ.

ಜಮೀನಿನ ವ್ಯಾಜ್ಯ ನಡೆಯುತ್ತಿದೆಯಾ? ಹಾಗಿದ್ದರೆ ಒಂದು ಹಳೆಯ ಕಾನೂನು ನಿಮಗೆ ಗೊತ್ತಿರಲಿ. 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಅಂತ ಅದರ ಹೆಸರು. ಸೈನಿಕ ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿದ್ದು ಕೋರ್ಟಿಗೆ ಬರಲು ಆಗದಿದ್ದರೆ ಅವನ ಮೇಲಿನ ಕೇಸನ್ನು ಮುಂದೂಡಲು ಅದರಲ್ಲಿ ದಾರಿ ಇದೆ. ಮಗ ತನ್ನ ಕಮಾಂಡಿಂಗ್ ಆಫೀಸರ್‌ಗೆ ಹೇಳಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ನಿಮ್ಮ ವಕೀಲರಿಗೆ ಈ ಕಾಯ್ದೆಯ ಹೆಸರು ಹೇಳಿ. ಎಷ್ಟೋ ವಕೀಲರಿಗೆ ಇದು ನೆನಪೇ ಇರುವುದಿಲ್ಲ.

ನಾಲ್ಕನೆಯದು ನಿಮ್ಮ ಆರೋಗ್ಯ. ಕಾಯಂ ಸೇವೆಯಲ್ಲಿರುವ ಸೈನಿಕನ ಅಪ್ಪ ಅಮ್ಮ ಅವನ ಮೇಲೆ ಅವಲಂಬಿತರಾಗಿದ್ದರೆ ಮಿಲಿಟರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಅಪ್ಪ ಅಮ್ಮನ ಒಟ್ಟು ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯನ್ನು ದಾಟಬಾರದು. ನಮ್ಮ ಕಡೆಯವರಿಗೆ ಬೆಳಗಾವಿಯ ಮಿಲಿಟರಿ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇದೆ. ಕಾರ್ಡ್ ಮೊದಲು ಮಾಡಿಸಿ, ಕಾಯಿಲೆ ಬಂದ ಮೇಲೆ ಓಡಾಡಬೇಡಿ. ಅಗ್ನಿವೀರರ ನಿಯಮ ಇದೇ ರೀತಿ ಇಲ್ಲ, ಆದ್ದರಿಂದ ಯೂನಿಟ್‌ನಲ್ಲೇ ಕೇಳಿಸಿ.

ಒಂದು ನೋಟ್‌ಬುಕ್ ತನ್ನಿ

ಇನ್ನೂರು ಪುಟದ, ಗಟ್ಟಿ ರಟ್ಟಿನ ನೋಟ್‌ಬುಕ್. ಮೊದಲ ಪುಟದಲ್ಲಿ ಇವನ್ನು ಬರೆಯಿರಿ. ಮಗನ ಸೇನಾ ನಂಬರ್, ರ‍್ಯಾಂಕ್, ಕಂಪನಿ (ಯೂನಿಟ್‌ನೊಳಗಿನ ಅವನ ತುಕಡಿ), ಯೂನಿಟ್‌ನ ಅಂಚೆ ವಿಳಾಸ. ಅವನ ಕಂಪನಿಯ ಹಿರಿಯ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಸಾಹೇಬರ ನಂಬರ್. ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿನ ನಂಬರ್. ನಿಮ್ಮ ಜಿಲ್ಲೆ ಯಾವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಸೇರುತ್ತದೋ ಅದರ ನಂಬರ್. ಎಲ್ಲ ಜಿಲ್ಲೆಗೂ ಬೇರೆ ಬೇರೆ ಕಚೇರಿ ಇಲ್ಲ, ಕೇಳಿ ತಿಳಿದುಕೊಳ್ಳಿ. ಜೊತೆಗೆ ಅವನ ಇಬ್ಬರು ಗೆಳೆಯರ ಮನೆಯವರ ನಂಬರ್. ಈ ಕೊನೆಯದು ಬಹಳ ಉಪಯೋಗಕ್ಕೆ ಬರುತ್ತದೆ. ನನ್ನ ಮಗನ ಜೊತೆಯವನೊಬ್ಬ ಕೊಲ್ಲಾಪುರ ಕಡೆಯ ಹುಡುಗ. ಅವನ ತಾಯಿಗೆ ಕನ್ನಡ ಬರುವುದಿಲ್ಲ, ನನ್ನ ಮರಾಠಿ ಅಷ್ಟಕ್ಕಷ್ಟೇ. "ಫೋನ್ ಆಲಾ ಕಾ?" ಅಂತ ಅವರು ಕೇಳುತ್ತಾರೆ, ನಾನು ಹೌದು ಅಥವಾ ಇಲ್ಲ ಅನ್ನುತ್ತೇನೆ. ಇಬ್ಬರಲ್ಲಿ ಒಬ್ಬರಿಗೆ ಬಂದಿದ್ದರೂ ಇಬ್ಬರೂ ಆವತ್ತು ರಾತ್ರಿ ಮಲಗುತ್ತೇವೆ.

ಎರಡನೇ ಪುಟದಿಂದ, ಪ್ರತಿ ಸಲ ಫೋನ್ ಬಂದಾಗ ತಾರೀಕು, ಗಂಟೆ ಬರೆಯಿರಿ. ಅವನು ಹೇಳಿದ ಒಂದು ಮಾತು ಬರೆಯಿರಿ. "ಬಿಸಿ ನೀರು ಸಿಕ್ಕಿತು" ಅನ್ನುವಂಥದ್ದು. ಸುದ್ದಿ ಇಲ್ಲದ ದಿನ ಮನಸ್ಸು "ತಿಂಗಳಾಯಿತು ಫೋನ್ ಬಂದು" ಅನ್ನುತ್ತದೆ. ನೋಟ್‌ಬುಕ್ ತೆಗೆದರೆ ಒಂಬತ್ತು ದಿನ ಆಗಿರುತ್ತದೆ. ಹಿಂದಿನ ಪುಟ ನೋಡಿದರೆ ಹೋದ ಸಲವೂ ಹನ್ನೊಂದು ದಿನ ಬಂದಿರಲಿಲ್ಲ, ಆಮೇಲೆ ಬಂತು ಅಂತ ಕಾಣುತ್ತದೆ.

ಫೋನ್ ಯಾಕೆ ಬರುವುದಿಲ್ಲ ಅಂತ ತಿಳಿದುಕೊಳ್ಳಿ

ಕಾರಣ ಗೊತ್ತಿದ್ದರೆ ಭಯ ಕಡಿಮೆ ಆಗುತ್ತದೆ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಇದು ಗೊತ್ತಿಲ್ಲದೆ ಮೊದಲ ವಾರ ಪೂರ್ತಿ ನಾವು ಸತ್ತ ನಂಬರಿಗೆ ಫೋನ್ ಮಾಡುತ್ತಾ ಕೂತಿದ್ದೆವು. ಹೊರಡುವ ಮುಂಚೆಯೇ ಪೋಸ್ಟ್‌ಪೇಯ್ಡ್ ಮಾಡಿಸಿ. ಬಿಲ್ ಕಟ್ಟುವ ಜವಾಬ್ದಾರಿ ಮನೆಯವರೇ ತಗೊಳ್ಳಿ. ಬಿಲ್ ಮರೆತು ನಂಬರ್ ನಿಂತುಹೋದರೆ ಅದೂ ಒಂದು ಗಾಬರಿಯೇ.

ಮಗ ಲಡಾಖ್ ಕಡೆಗೆ ಹೋದರೆ ಇನ್ನೊಂದು ವಿಷಯ ಇದೆ. ಅಲ್ಲಿಗೆ ಹೋದವರನ್ನು ನೇರ ಮೇಲಕ್ಕೆ ಕಳಿಸುವುದಿಲ್ಲ. ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಲೇಹ್ ಊರೇ ಸುಮಾರು 11,500 ಅಡಿ ಎತ್ತರದಲ್ಲಿದೆ. ಮೈ ಹೊಂದಿಕೊಳ್ಳಲಿ ಅಂತ ಹಂತ ಹಂತವಾಗಿ ನಿಲ್ಲಿಸುತ್ತಾರೆ. 9,000ದಿಂದ 12,000 ಅಡಿಯಲ್ಲಿ 6 ದಿನ, 15,000 ಅಡಿಯವರೆಗೆ ಮತ್ತೆ 4 ದಿನ, ಅದಕ್ಕಿಂತ ಮೇಲೆ ಇನ್ನೂ 4 ದಿನ. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಆಗ ಅವನು "ಸುಮ್ನೆ ಮಲಗೀನಿ" ಅಂದರೆ ಹುಷಾರಿಲ್ಲವೇನೋ ಅಂತ ಹೆದರಬೇಡಿ, ಮಲಗುವುದೇ ಆವತ್ತಿನ ಡ್ಯೂಟಿ. ತಲೆನೋವು, ಹಸಿವಾಗದಿರುವುದು ಎಲ್ಲರಿಗೂ ಸ್ವಲ್ಪ ಇರುತ್ತದೆ. ಜಾಸ್ತಿಯಾದರೆ ಮುಚ್ಚಿಡದೆ ಡಾಕ್ಟರ್ ಸಾಹೇಬರಿಗೆ ಹೇಳು ಅಂತ ಮಾತ್ರ ಹೇಳಿ. ನಮ್ಮ ಹುಡುಗರು ತಡೆದುಕೊಳ್ಳುವುದೇ ಗಂಡಸುತನ ಅಂದುಕೊಂಡಿರುತ್ತಾರೆ. ಎತ್ತರದಲ್ಲಿ ಆ ಬುದ್ಧಿ ಬೇಡ ಅಂತ ತಾಯಿಯೇ ಹೇಳಬೇಕು.

ಇಷ್ಟರ ಮೇಲೆ ಪೋಸ್ಟ್‌ನಲ್ಲಿ, ಅಂದರೆ ಕಾವಲು ಠಾಣೆಯಲ್ಲಿ, ಸಿಗ್ನಲ್ ಇರುವುದಿಲ್ಲ, ಹಿಮ ಬಿದ್ದರೆ ಲೈನ್ ಕೆಡುತ್ತದೆ, ಕೆಲವೊಮ್ಮೆ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲ. ಎಲ್ಲಿದ್ದೀ, ಎಷ್ಟು ಜನ ಇದ್ದೀರಿ, ಯಾವಾಗ ಮುಂದೆ ಹೋಗುತ್ತೀರಿ ಅಂತ ಕೇಳಲೇಬೇಡಿ. ಅವನು ಹೇಳುವ ಹಾಗಿಲ್ಲ. ನೀವು ಕೇಳಿದರೆ ಅವನು ಸುಳ್ಳು ಹೇಳಬೇಕಾಗುತ್ತದೆ.

ನಾಲ್ಕು ನಿಮಿಷದಲ್ಲಿ ಏನು ಮಾತಾಡಬೇಕು

ಫೋನ್ ಬಂದಾಗ ಮನೆಯವರೆಲ್ಲ ಕಿತ್ತುಕೊಂಡು ಮಾತಾಡಿದರೆ ಯಾರ ಮಾತೂ ಆಗುವುದಿಲ್ಲ. "ಹುಷಾರು, ಹುಷಾರು" ಅನ್ನುವುದರಲ್ಲೇ ಲೈನ್ ಕಟ್ ಆಗುತ್ತದೆ. ಹೇಳಬೇಕಾದ್ದನ್ನು ನೋಟ್‌ಬುಕ್‌ನ ಹಿಂಬದಿಯಲ್ಲಿ ಮೊದಲೇ ಬರೆದಿಡಿ. ಎಮ್ಮೆ ಈಯಿತು, ಜೋಳ ಹಾಲುಗಾಳು ಹಿಡಿದಿದೆ, ತಂಗಿಯ ಪರೀಕ್ಷೆ ಮುಗಿಯಿತು. ಇಂಥ ಸಣ್ಣ ಸುದ್ದಿಗೇ ಅವನು ಕಾದಿರುತ್ತಾನೆ. ಒಮ್ಮೆ ನನ್ನ ಮಗ ಹೇಳಿದ: "ಅವ್ವಾ, ಎಮ್ಮಿ ಕರು ಹೆಂಗೈತಿ ಅನ್ನೋದನ್ನ ಇನ್ನೊಮ್ಮೆ ಹೇಳು." ಫೋನಿನಲ್ಲಿ ಗಾಳಿ ಹೋ ಅನ್ನುತ್ತಿತ್ತು. ನಾನು ಕರುವಿನ ಹಣೆಯ ಬಿಳಿ ಮಚ್ಚೆಯಿಂದ ಬಾಲದ ತನಕ ಹೇಳಿದೆ.

ಸಾಲ, ದಾಯಾದಿ ಜಗಳ, ಅತ್ತೆ ಸೊಸೆಯ ಮಾತು ಈ ನಾಲ್ಕು ನಿಮಿಷಕ್ಕೆ ಬೇಡ. ಅವನು ಫೋನ್ ಇಟ್ಟು ಬಂದೂಕು ಹಿಡಿದು ಕತ್ತಲಲ್ಲಿ ನಿಲ್ಲಬೇಕು. ಅವನ ತಲೆಯಲ್ಲಿ ನಮ್ಮ ಮನೆಯ ಗಲಾಟೆ ತಿರುಗುತ್ತಿರಬಾರದು.

ಹಾಗಂತ ದೊಡ್ಡ ವಿಷಯ ಮುಚ್ಚಿಡಬೇಡಿ. ಇದು ನಾನು ಮಾಡಿದ ತಪ್ಪು. 2022ರಲ್ಲಿ ನಮ್ಮ ಮನೆಯವರಿಗೆ ಎದೆನೋವು ಬಂದು ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿಸಬೇಕಾಯಿತು. ಮಗನಿಗೆ ಹೇಳಲಿಲ್ಲ. "ಅಪ್ಪ ಹೊಲಕ್ಕೆ ಹೋಗ್ಯಾರ" ಅಂತ ಎರಡು ಸಲ ಸುಳ್ಳು ಹೇಳಿದೆ. ಮೂರನೇ ದಿನ ಊರಿನ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ "ನಿಮ್ಮಪ್ಪ ಈಗ ಹೆಂಗದಾರ?" ಅಂತ ಕಳಿಸಿದ. ಆ ಮೆಸೇಜ್ ಅವನಿಗೆ ಸಿಕ್ಕಿದ್ದು ರಾತ್ರಿ. ಮತ್ತೆ ಸಿಗ್ನಲ್ ಸಿಗಲು ಎರಡು ದಿನ ಬೇಕಾಯಿತು. ಆ ಎರಡು ದಿನ ಅಪ್ಪ ಇದ್ದಾರೋ ಇಲ್ಲವೋ ಗೊತ್ತಿಲ್ಲದೆ ಅವನು ಡ್ಯೂಟಿ ಮಾಡಿದ. ಆಮೇಲೆ ಫೋನ್ ಮಾಡಿದಾಗ ಬೈಯಲಿಲ್ಲ. "ಇನ್ನು ಮುಂದ ನೀ ಆರಾಮ ಅಂದ್ರ ನಾ ಹೆಂಗ ನಂಬಲಿ?" ಅಂದ. ಅದು ಬೈಗುಳಕ್ಕಿಂತ ಜಾಸ್ತಿ ನೋವಾಯಿತು.

ಅದಾದ ಮೇಲೆ ನಾವಿಬ್ಬರೂ ಒಪ್ಪಿಕೊಂಡಿದ್ದು ಇಷ್ಟು. ಆಸ್ಪತ್ರೆ ಸೇರುವಂಥದ್ದು ಏನೇ ಇದ್ದರೂ ಆವತ್ತೇ ಹೇಳುವುದು. ಅವನಿಗೆ ಹೇಳುವವರು ಒಬ್ಬರೇ, ನಮ್ಮ ಮನೆಯಲ್ಲಿ ಅದು ಮಗಳು. ಅವಳು ಕಾಯಿಲೆ ಏನು, ಡಾಕ್ಟರ್ ಏನು ಹೇಳಿದರು, ಈಗ ಏನು ನಡೆಯುತ್ತಿದೆ, ಅಣ್ಣ ಬರಬೇಕೋ ಬೇಡವೋ ಅಂತ ನೇರವಾಗಿ ಹೇಳುತ್ತಾಳೆ. ಊರಿನವರಿಗೂ ಕೈ ಮುಗಿದು ಹೇಳಿದ್ದೇವೆ, ನಮ್ಮ ಮನೆಯ ಸುದ್ದಿ ನೀವು ಅವನಿಗೆ ಕಳಿಸಬೇಡಿ ಅಂತ. ಮಗ ಹೊರಡುವ ಮುಂಚೆ ಈ ಒಪ್ಪಂದ ಮಾಡಿಕೊಳ್ಳಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಪಾರ್ಸೆಲ್

ಫೀಲ್ಡ್ ವಿಳಾಸದಲ್ಲಿ ಊರಿನ ಹೆಸರು ಇರುವುದಿಲ್ಲ. ಸೇನಾ ನಂಬರ್, ರ‍್ಯಾಂಕ್, ಹೆಸರು, ಕಂಪನಿ, ಯೂನಿಟ್, ಕೇರ್ ಆಫ್ 56 ಎಪಿಒ ಅಥವಾ 99 ಎಪಿಒ (ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ), ಆಮೇಲೆ 9ರಿಂದ ಶುರುವಾಗುವ ಪಿನ್ ಕೋಡ್. 56 ಎಪಿಒ ಪತ್ರಗಳು ದಿಲ್ಲಿ ಮೂಲಕ, 99 ಎಪಿಒ ಪತ್ರಗಳು ಕೋಲ್ಕತ್ತಾ ಮೂಲಕ ಹೋಗುತ್ತವೆ. ನೀವು ಅಕ್ಕರೆಯಿಂದ "ಲೇಹ್" ಅಂತಲೋ "ಕಾಶ್ಮೀರ" ಅಂತಲೋ ಸೇರಿಸಬೇಡಿ. ಖಾಸಗಿ ಕೊರಿಯರ್ ಈ ವಿಳಾಸಕ್ಕೆ ಹೋಗುವುದಿಲ್ಲ. ಅಂಚೆ ಕಚೇರಿಗೇ ಹೋಗಬೇಕು.

ನಮ್ಮ ಪಾರ್ಸೆಲ್ ಬೇಗ ಅಂದರೆ ಹನ್ನೆರಡು ದಿನ, ತಡ ಅಂದರೆ ಒಂದೂವರೆ ತಿಂಗಳು ತೆಗೆದುಕೊಂಡಿದೆ. ಅದಕ್ಕೇ ಧಾರವಾಡ ಪೇಡೆ ಕಳಿಸುವ ಆಸೆ ಬಿಡಿ, ಹಾಳಾಗುತ್ತದೆ. ತಾಳಿಕೆ ಬರುವುದು ಕರದಂಟು, ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಚಕ್ಕುಲಿ, ಖಟಕ್ ರೊಟ್ಟಿ. ಕೊಡಗಿನವರು ಕಾಫಿ ಪುಡಿ ಕಳಿಸುತ್ತಾರಂತೆ. ಕರಾವಳಿಯವರು ಹಲಸಿನ ಹಪ್ಪಳ ಕಳಿಸುತ್ತಾರಂತೆ, ಆದರೆ ಅಲ್ಲಿ ಕರಿಯುವವರು ಯಾರು ಅಂತ ಮೊದಲು ಕೇಳಿಕೊಳ್ಳಿ. ಎಣ್ಣೆಯ ಉಪ್ಪಿನಕಾಯಿ, ತುಪ್ಪ ಸೋರಿ ಬೇರೆಯವರ ಪತ್ರವನ್ನೂ ಹಾಳು ಮಾಡುತ್ತವೆ, ಬೇಡ.

ಖಟಕ್ ರೊಟ್ಟಿ ಪುಡಿ ಆಗದಂತೆ ಕಳಿಸುವುದನ್ನು ಕಲಿಯಲು ನನಗೆ ಮೂರು ಪಾರ್ಸೆಲ್ ಬೇಕಾಯಿತು. ರೊಟ್ಟಿಯನ್ನು ಡಬ್ಬಿಯ ಅಳತೆಗೇ ಬಡಿಯಬೇಕು, ಸುತ್ತ ಚೂರೂ ಜಾಗ ಉಳಿಯಬಾರದು. ಎರಡು ರೊಟ್ಟಿಗೊಂದು ಕಾಗದ. ಮೇಲೆ ಉಳಿದ ಜಾಗಕ್ಕೆ ಚಟ್ನಿಯ ಪ್ಯಾಕೆಟ್ ಬಿಗಿಯಾಗಿ ತುರುಕಿ ಮುಚ್ಚಳ ಹಾಕಬೇಕು. ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸುತ್ತ ಹಳೆಯ ಬನಿಯನ್ ತುಂಬಿ, ಮೇಲೆ ಬಿಳಿ ಬಟ್ಟೆ ಹೊಲಿಯುತ್ತೇನೆ. ವಿಳಾಸದ ಮೇಲೆ ಅಗಲ ಟೇಪ್ ಹಚ್ಚಿ, ಇಲ್ಲವಾದರೆ ಮಳೆಯಲ್ಲಿ ಶಾಯಿ ಹರಡುತ್ತದೆ. ಒಳಗೂ ಒಂದು ಚೀಟಿಯಲ್ಲಿ ವಿಳಾಸ ಬರೆದು ಹಾಕಿ. ಒಬ್ಬನಿಗೆ ಅಂತ ಲೆಕ್ಕ ಹಾಕಬೇಡಿ. ಡಬ್ಬಿ ಬಿಚ್ಚಿದಾಗ ಅವನ ಸೆಕ್ಷನ್ ಅನ್ನುವ ಸಣ್ಣ ತಂಡದ ಹತ್ತು ಕೈ ಒಳಗೆ ಬರುತ್ತವೆ.

ಸ್ವೆಟರ್, ರಗ್ಗು ಕಳಿಸುವ ಕಷ್ಟ ಬೇಡ. ಚಳಿಯ ಬಟ್ಟೆ ಸೈನ್ಯವೇ ಕೊಡುತ್ತದೆ. ತುಟಿಗೆ ಹಚ್ಚುವ ವ್ಯಾಸಲೀನ್ ಕಳಿಸಿ. ಒಂದು ಪತ್ರವನ್ನೂ ಇಡಿ, ಕೈಯಲ್ಲೇ ಬರೆದದ್ದು. ಸಿಗ್ನಲ್ ಇಲ್ಲದ ರಾತ್ರಿ ಓದಲು ಅದು ಬೇಕು.

ಫೋಟೊ ಹಾಕಬೇಡಿ

ಮಗ ಸಮವಸ್ತ್ರದಲ್ಲಿ ಎಷ್ಟು ಚಂದ ಕಾಣುತ್ತಾನೆ ಅಂತ ನನಗೆ ಗೊತ್ತು. ಆದರೂ ಸ್ಟೇಟಸ್‌ಗೆ ಬೇಡ. ಭುಜದ ಮೇಲಿನ ಗುರುತು, ಹಿಂದಿನ ಬೆಟ್ಟ, ಬೋರ್ಡ್, "ನನ್ನ ಮಗ ಇವತ್ತು ಇಂಥ ಕಡೆ ಹೊರಟ" ಅನ್ನುವ ಒಂದು ಸಾಲು, ಇಷ್ಟೇ ಸಾಕು ತಿಳಿಯಬೇಕಾದವರಿಗೆ ತಿಳಿಯಲು. 2020ರ ಜುಲೈನಲ್ಲಿ ಸೇನೆ ತನ್ನವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಹೇಳಿತ್ತು. ಮಗ ತೆಗೆದು, ತಾಯಿ ಹಾಕಿದರೆ ಏನು ಬಂತು? ಅವನ ಗುರುತಿನ ಚೀಟಿಯ ಫೋಟೊವಂತೂ ಯಾರಿಗೂ ಕಳಿಸಬೇಡಿ. ಸೈನಿಕರ ಚೀಟಿ ತೋರಿಸಿ "ನಾನು ಆರ್ಮಿಯವನು, ಗಾಡಿ ಮಾರುತ್ತಿದ್ದೇನೆ" ಅಂತ ಜನರನ್ನು ಮೋಸ ಮಾಡುವವರಿದ್ದಾರೆ. ನಾನು ಪಲ್ಟನ್ ಹೆಸರು ಬರೆಯದಿದ್ದುದೂ ಇದೇ ಕಾರಣಕ್ಕೆ.

ಟಿವಿ ಆರಿಸಿ

2016ರ ಫೆಬ್ರವರಿ ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಪೋಸ್ಟ್ ಮೇಲೆ ಹಿಮ ಕುಸಿದು 10 ಸೈನಿಕರು ಹೂತುಹೋದರು. ಅವರಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರು. ಯಾರೂ ಉಳಿದಿಲ್ಲ ಅಂತ ಸುದ್ದಿ ಬಂತು. ಆರನೇ ದಿನ ಹನುಮಂತಪ್ಪ ಹಿಮದ ಅಡಿ ಜೀವಂತ ಸಿಕ್ಕರು. ಊರೂರಲ್ಲಿ ಪೂಜೆ ಮಾಡಿದೆವು. ಫೆಬ್ರವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ನಮ್ಮ ಮನೆಯ ಟಿವಿ ಆರಲೇ ಇಲ್ಲ. ಅದರ ಮುಂದೆ ಕೂತು ನೋಡುತ್ತಿದ್ದ ನನ್ನ ಮಗ ಎರಡು ವರ್ಷದ ಮೇಲೆ ತಾನೂ ಸೈನ್ಯ ಸೇರಿದ.

ಆಗ ನಾನು ಹೊರಗಿನವಳಾಗಿ ಟಿವಿ ನೋಡಿದ್ದೆ. 2025ರ ಮೇ 7ರಿಂದ 10ರವರೆಗೆ, ಆಪರೇಷನ್ ಸಿಂಧೂರದ ನಾಲ್ಕು ದಿನ, ಸೈನಿಕನ ತಾಯಿಯಾಗಿ ನೋಡಿದೆ. ಮೇ 8ರ ರಾತ್ರಿ ಪೂರ್ತಿ ನೋಡಿದೆ. ಆ ನಗರ ಹೋಯಿತು, ಈ ಬಂದರು ಹೋಯಿತು ಅಂತ ಕಿರುಚುತ್ತಿದ್ದರು. ಬೆಳಗ್ಗೆ ನೋಡಿದರೆ ಅದರಲ್ಲಿ ಎಷ್ಟೋ ಸುಳ್ಳು. ಸೈನ್ಯದ ಚಲನವಲನ ನೇರ ತೋರಿಸಬೇಡಿ ಅಂತ ಕೇಂದ್ರ ಸರ್ಕಾರ ಏಪ್ರಿಲ್ ಕೊನೆಯಲ್ಲೇ ಚಾನೆಲ್‌ಗಳಿಗೆ ಹೇಳಿತ್ತು. ಮಾರನೇ ದಿನ ಮಗಳು ಸೆಟ್‌ಟಾಪ್ ಬಾಕ್ಸ್‌ನ ವೈರ್ ಕಿತ್ತು ತನ್ನ ಬ್ಯಾಗಿನಲ್ಲಿ ಇಟ್ಟುಕೊಂಡಳು.

ಆಮೇಲೆ ನಾವು ಮಾಡಿದ್ದು ಹೀಗೆ. ದಿನಕ್ಕೆ ಎರಡು ಸಲ, ಬೆಳಗ್ಗೆ ಮತ್ತು ಸಂಜೆ, ಆಕಾಶವಾಣಿಯ ವಾರ್ತೆ. ಸರ್ಕಾರದ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದನ್ನು ಮಗಳು ಓದಿ ಹೇಳುವಳು. ವಾಟ್ಸಾಪ್ ಗ್ರೂಪಿನ ಧ್ವನಿ ಸಂದೇಶ ಕೇಳುವುದಿಲ್ಲ, ಮುಂದೆ ಕಳಿಸುವುದಿಲ್ಲ. ಉಳಿದ ಹೊತ್ತು ಕೈಗೆ ಕೆಲಸ. ಆ ದಿನಗಳಲ್ಲಿ ವರ್ಷಕ್ಕಾಗುವಷ್ಟು ಶ್ಯಾವಿಗೆ ಹೊಸೆದೆವು. ಓಣಿಯ ಹೆಂಗಸರು ಕರೆಯದೆಯೇ ಬಂದು ಕೂತರು. ಯಾರೂ ಯುದ್ಧದ ಮಾತು ಎತ್ತಲಿಲ್ಲ.

ಒಂದು ವಿಷಯ ಗಟ್ಟಿಯಾಗಿ ತಿಳಿದಿರಲಿ. ಮಗನಿಗೆ ಏನಾದರೂ ಆದರೆ ಯೂನಿಟ್ ಅಥವಾ ರೆಕಾರ್ಡ್ಸ್ ಆಫೀಸಿನವರು ನೆಕ್ಸ್ಟ್ ಆಫ್ ಕಿನ್‌ಗೆ ತಿಳಿಸುತ್ತಾರೆ. ಟಿವಿಯ ಕೆಂಪು ಪಟ್ಟಿಯಲ್ಲಿ ಓಡುವುದು ನಿಮ್ಮ ಮಗನ ಸುದ್ದಿ ಅಲ್ಲ.

ಹಣ ಕೇಳುವ ಫೋನ್

"ನಿಮ್ಮ ಮಗನಿಗೆ ಗಾಯ ಆಗಿದೆ, ಆಸ್ಪತ್ರೆಗೆ ತಕ್ಷಣ ಹಣ ಹಾಕಿ" ಅಂತ ಯಾರಾದರೂ ಹಿಂದಿಯಲ್ಲಿ ಗದರಿಸಿದರೆ ಫೋನ್ ಇಡಿ. ಸೈನಿಕನ ಚಿಕಿತ್ಸೆಗೆ ಸೇನೆ ಮನೆಯವರ ಹತ್ತಿರ ಹಣ ಕೇಳುವುದಿಲ್ಲ. ನೋಟ್‌ಬುಕ್‌ನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅವನು ಬರಲೇಬೇಕಾದಾಗ

ಕಾಯಂ ಸೇವೆಯ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಅಗ್ನಿವೀರನಿಗೆ 30 ದಿನ. ಆದರೆ ಯಾವಾಗ ಕೊಡಬೇಕು ಅನ್ನುವುದು ಅಲ್ಲಿನ ಪರಿಸ್ಥಿತಿ ಮೇಲೆ. ಮನೆಯಲ್ಲಿ ಸಾವು ಅಥವಾ ಗಂಭೀರ ಕಾಯಿಲೆ ಆದರೆ ಮಗನಿಗೆ ಫೋನ್ ಹತ್ತದಿದ್ದರೂ ಕಂಪನಿಯ ಸಾಹೇಬರಿಗೆ ಹೇಳಿ. ಹಿಂದಿ ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಸ್ಪತ್ರೆಯ ಚೀಟಿಯ ಫೋಟೊ ಕಳಿಸಿ. ಯಾರೂ ಸಿಗದಿದ್ದರೆ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ.

ಅವನು ತಕ್ಷಣ ಹೊರಟರೂ ಬರಲು ಮೂರು ನಾಲ್ಕು ದಿನ ಬೇಕು. ಹಿಮ ಬಿದ್ದು ಹೆಲಿಕಾಪ್ಟರ್ ಹಾರದಿದ್ದರೆ ಇನ್ನೂ ಜಾಸ್ತಿ. ಇದನ್ನು ಬಂಧುಗಳಿಗೆ ಮೊದಲೇ ಹೇಳಿಡಿ. ಅಂತ್ಯಕ್ರಿಯೆಗೆ ಕಾಯಬೇಕೋ ಬೇಡವೋ ಅನ್ನುವ ಮಾತನ್ನೂ ಮಗನ ಜೊತೆ ಒಮ್ಮೆ ಆಡಿಡಿ. ಜಾತ್ರೆಗೋ ಮದುವೆಗೋ ಬರಲಿ ಅಂತ ಸುಳ್ಳು ಕಾಯಿಲೆ ಹೇಳಬೇಡಿ. ನಿಜವಾಗಿ ಬೇಕಾದ ದಿನ ನಿಮ್ಮ ಮಾತು ನಡೆಯುವುದಿಲ್ಲ. ಜೊತೆಗೆ ನಿಮ್ಮ ಸುಳ್ಳಿಗೆ ಇನ್ನೊಬ್ಬ ತಾಯಿಯ ಮಗನ ರಜೆ ಹೋಗಿರುತ್ತದೆ.

ನೀವು

ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಬಾಗಿಲು ಬಡಿದರೆ ಎದೆ ಝಲ್ಲೆನ್ನುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಹೀಗಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಮಾಡಿದ್ದೇನೆ. ಅಪ್ಪಂದಿರ ಕಡೆ ಹೆಚ್ಚು ಗಮನ ಇರಲಿ. ನಾವು ಹೆಂಗಸರು ಅತ್ತು ಹಗುರಾಗುತ್ತೇವೆ. ನಮ್ಮ ಮನೆಯವರು ಒಂದು ಮಾತೂ ಆಡದೆ ಫೋನ್ ಚಾರ್ಜ್ ಆಗಿದೆಯಾ ಅಂತ ರಾತ್ರಿ ನಾಲ್ಕು ಸಲ ಎದ್ದು ನೋಡುತ್ತಿದ್ದರು. ಎದೆನೋವು ಬಂದ ಮೇಲೆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ "ನಿದ್ದೆ ಹೇಗೆ?" ಅಂತ.

ರಜೆಗೆ ಬಂದಾಗ

ಮೊದಲ ಮೂರು ದಿನ ಅವನನ್ನು ಬಿಟ್ಟುಬಿಡಿ. ಸನ್ಮಾನ ಬೇಡ, ಹೆಣ್ಣು ನೋಡುವುದು ಬೇಡ, ನೆಂಟರ ಮನೆ ಬೇಡ. ಮಲಗಲಿ. ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗಿದರೂ ಎಬ್ಬಿಸಬೇಡಿ. ನಿದ್ದೆಯಲ್ಲಿದ್ದಾಗ ಮೈ ಮುಟ್ಟಿ ಎಬ್ಬಿಸಬೇಡಿ, ದೂರದಿಂದ ಹೆಸರು ಹಿಡಿದು ಕರೆಯಿರಿ. ಅಲ್ಲಿ ಏನಾಯಿತು ಅಂತ ಕೆದಕಬೇಡಿ. ಹೇಳಬೇಕು ಅನಿಸಿದಾಗ ಅವನೇ ಹೇಳುತ್ತಾನೆ. ನನ್ನ ಮಗ ಹೇಳಿದ್ದು ಹನ್ನೆರಡನೇ ದಿನ, ಎಮ್ಮೆಯ ಮೈ ತೊಳೆಯುತ್ತಾ, ನನ್ನ ಮುಖ ನೋಡದೆ. ನಾನು ನೀರು ಹಾಕುತ್ತಾ ಇದ್ದೆ, ಅಷ್ಟೇ. ಕ್ಯಾಂಟೀನ್ ಬಾಟ್ಲಿ ಕೇಳಿಕೊಂಡು ಬರುವವರನ್ನು ಬಾಗಿಲಲ್ಲೇ ನೀವು ತಡೆಯಿರಿ, ಆ ಮುಜುಗರ ಅವನಿಗೆ ಬೇಡ.

ಹೊರಡುವ ದಿನ ಸ್ಟೇಷನ್‌ಗೆ ಇಡೀ ಊರು ಬರುವುದು ಬೇಡ. ನಾವು ಮೂವರೇ ಹೋಗುತ್ತೇವೆ. ಹುಬ್ಬಳ್ಳಿಯಲ್ಲಿ ಸಂಪರ್ಕ ಕ್ರಾಂತಿ ಹತ್ತುತ್ತಾನೆ. ಎರಡು ಹೊತ್ತಿನ ಬುತ್ತಿ ಮಾತ್ರ ಕೊಡುತ್ತೇನೆ, ಜಾಸ್ತಿ ಕಟ್ಟಿದರೆ ಭಾರ ಅಂತ ಯಾರಿಗೋ ಕೊಟ್ಟುಬಿಡುತ್ತಾನೆ. ರೈಲು ಹೊರಟ ಮೇಲೆ ಬೆಳಗಾವಿ ಬಂತು, ಮೀರಜ್ ಬಂತು, ಪುಣೆ ಬಂತು ಅಂತ ಮೆಸೇಜ್ ಬರುತ್ತವೆ. ಮಾರನೇ ದಿನ ಭೋಪಾಲ್. ಆಮೇಲೆ ದಿಲ್ಲಿ. ಅಲ್ಲಿಂದ ಮುಂದಿನ ಊರಿನ ಹೆಸರು ಅವನು ಬರೆಯುವುದಿಲ್ಲ. ಆಗ ನೋಟ್‌ಬುಕ್ ತೆಗೆದು ಹೊಸ ಪುಟದಲ್ಲಿ ತಾರೀಕು ಹಾಕುತ್ತೇನೆ.